ತಲಪಾಡಿ ದಾಟುವ ಲೈಸೆನ್ಸ್: ಸಾಫ್ಟ್‌ವೇರ್ ತೆರಿಗೆಯ ಗೋಜಲು ಬೆಳೆದ ಬಗೆ

ಕಾಸರಗೋಡಿನಲ್ಲಿ ಕುಳಿತು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರಿಗೆ ಹತ್ತಿರದ ದೊಡ್ಡ ಪೇಟೆ ಮಂಗಳೂರು. ಅಲ್ಲಿನ ಅಡಿಕೆ ಮಂಡಿಗೂ ಔಷಧದಂಗಡಿಗೂ ಬೇಕಾದ ಲೆಕ್ಕದ ಕ್ರಮ ಇಲ್ಲಿಯವರಿಗೆ ಗೊತ್ತು, ಮಾತೂ ಒಂದೇ. ಆದರೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದ ಕೂಡಲೇ ಅದು ಅಂತರರಾಜ್ಯ ವ್ಯವಹಾರ. ಬಿಲ್ಲಿನಲ್ಲಿ ಯಾವ ತೆರಿಗೆ ಹಾಕಬೇಕು, ಕೊಳ್ಳುವವರು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಎಷ್ಟು ಹಿಡಿಯಬೇಕು ಎಂದು ಕೇಳಿದರೆ ಇಬ್ಬರು ಆಡಿಟರರು ಎರಡು ಉತ್ತರ ಕೊಟ್ಟರೂ ಆಶ್ಚರ್ಯವಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಅದೇ ವರ್ಷ ಅಂತರರಾಜ್ಯ ಮಾರಾಟಕ್ಕೆ ತೆರಿಗೆ ಹಾಕುವ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯೂ ಬಂತು. ಸಂವಿಧಾನದ 46ನೇ ತಿದ್ದುಪಡಿ ಸರಕು ಬಳಸುವ ಹಕ್ಕು ಕೊಡುವುದನ್ನೂ ಮಾರಾಟವೆಂದಿತು. 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಿ.ಡಿ.ಯಲ್ಲಿ ಬರುವ ಸಿದ್ಧ ಸಾಫ್ಟ್‌ವೇರ್ ಸರಕೇ ಎಂದು ತೀರ್ಪಿತ್ತಿತು. ಅಲ್ಲಿಯವರೆಗೆ ದಾರಿ ಹೆಚ್ಚು ಕಡಿಮೆ ನೇರವಾಗಿತ್ತು.

ಕಷ್ಟ ಶುರುವಾದದ್ದು 2008ರ ಮೇ 16ರಿಂದ. ಅಂದಿನಿಂದ ಮಾಹಿತಿ ತಂತ್ರಜ್ಞಾನ ಸಾಫ್ಟ್‌ವೇರ್ ಸೇವೆಗೂ ಕೇಂದ್ರದ ಸೇವಾ ತೆರಿಗೆ ಬಂತು, ಸಾಫ್ಟ್‌ವೇರ್ ಬಳಸುವ ಹಕ್ಕು, ಅಂದರೆ ಲೈಸೆನ್ಸ್, ಕೊಡುವುದೂ ಅದರೊಳಗೆ ಸೇರಿತು. ರಾಜ್ಯಕ್ಕೆ ಅದು ಸರಕು, ಕೇಂದ್ರಕ್ಕೆ ಅದು ಸೇವೆ. ಒಂದೇ ಲೈಸೆನ್ಸ್ ಮೇಲೆ ರಾಜ್ಯದ ಮಾರಾಟ ತೆರಿಗೆಯಾದ ವ್ಯಾಟ್, ಅದರ ಜೊತೆಗೆ ಸೇವಾ ತೆರಿಗೆ. ಎರಡನ್ನೂ ಹಾಕಿದರೆ ಗಿರಾಕಿ ಹಿಂದೆ ಸರಿಯುತ್ತಿದ್ದ, ಒಂದನ್ನು ಬಿಟ್ಟರೆ ಮುಂದೊಂದು ದಿನ ನೋಟಿಸು ಬರುವ ಭಯ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟದ ಸಣ್ಣವರಿಗೆ ಸೇವಾ ತೆರಿಗೆಯಿಂದ ವಿನಾಯಿತಿ ಇತ್ತು ನಿಜ. ಆದರೆ ನಾಲ್ಕು ಜನರನ್ನು ಕೆಲಸಕ್ಕಿಟ್ಟುಕೊಂಡು ಬೆಳೆಯಹೊರಟವರಿಗೆ ಆ ಮಿತಿ ಬಲುಬೇಗ ಮುಗಿಯುತ್ತಿತ್ತು.

ಗಡಿಯವರಿಗೆ ಇದರ ಮೇಲೆ ಇನ್ನೊಂದು ಹೊರೆ ಸಿ ಫಾರ್ಮ್. ಹೊರ ರಾಜ್ಯದ ನೋಂದಾಯಿತ ವ್ಯಾಪಾರಿ ಆ ಫಾರ್ಮ್ ಕೊಟ್ಟರೆ ಕೇಂದ್ರ ಮಾರಾಟ ತೆರಿಗೆ 2008ರ ಜೂನ್‌ನಿಂದ ಶೇ. 2 ಮಾತ್ರ, ಇಲ್ಲದಿದ್ದರೆ ಮಾರುವವರ ರಾಜ್ಯದ ಪೂರ್ತಿ ದರ. ವೈದ್ಯರ ಕ್ಲಿನಿಕ್ಕು, ಶಾಲೆ ಇವೆಲ್ಲ ನೋಂದಾಯಿತ ವ್ಯಾಪಾರಿಗಳಲ್ಲ, ಅವರಿಂದ ಸಿ ಫಾರ್ಮ್ ಸಿಗುವ ಮಾತೇ ಇಲ್ಲ. ಕೊಡಬೇಕಾದವರು ತಡಮಾಡಿದರೂ ವ್ಯತ್ಯಾಸದ ಹಣ ಕಟ್ಟಬೇಕಾದವರು ಮಾರಿದವರೇ. ಸಿ.ಡಿ. ಹಿಡಿದು ಮಂಜೇಶ್ವರ ಚೆಕ್‌ಪೋಸ್ಟ್ ದಾಟಿದರೆ ಸರಕು ಸಾಗಣೆ. ಅದೇ ಪ್ರೋಗ್ರಾಂ ಇಂಟರ್ನೆಟ್‌ನಲ್ಲಿ ಕಳಿಸಿದರೆ ಅಲ್ಲಿ ತಡೆದು ನೋಡಲು ಏನೂ ಇಲ್ಲ. ಬಿಲ್ಲು ಹೇಗೆ ಬರೆಯಬೇಕೆಂಬ ತಲೆಬಿಸಿ ಮಾತ್ರ ಎರಡು ಕಡೆಯೂ ಒಂದೇ.

ಸರಕೋ ಸೇವೆಯೋ ಎಂಬ ಜಗಳಕ್ಕೆ ಸುಪ್ರೀಂ ಕೋರ್ಟಿನ ಸ್ಪಷ್ಟ ಉತ್ತರ ಬಂದದ್ದು 2022ರ ಆಗಸ್ಟ್‌ನಲ್ಲಿ, ಕ್ವಿಕ್ ಹೀಲ್ ಪ್ರಕರಣದಲ್ಲಿ: ಸಿ.ಡಿ.ಯಲ್ಲಿ ಮಾರುವ ಆಂಟಿವೈರಸ್ ಸರಕು, ಅದಕ್ಕೆ ಸೇವಾ ತೆರಿಗೆ ಇಲ್ಲ. ಅಷ್ಟರಲ್ಲಿ ಸೇವಾ ತೆರಿಗೆಯೇ ರದ್ದಾಗಿ ಐದು ವರ್ಷ ಕಳೆದಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಸಾಫ್ಟ್‌ವೇರ್ ಲೈಸೆನ್ಸ್ ಸೇವೆಯ ಸಾಲಿಗೆ ಸೇರಿತು, ದರ ಶೇ. 18. ನಮ್ಮದೇ ಜಿಲ್ಲೆಯ ಉಪ್ಪಳದ ಅಂಗಡಿಗೆ ಮಾರಿದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9. ಮಂಗಳೂರಿನ ನೋಂದಾಯಿತ ಅಂಗಡಿಗಾದರೆ ಪೂರ್ತಿ ಐಜಿಎಸ್‌ಟಿ, ಅಂದರೆ ಅಂತರರಾಜ್ಯ ವ್ಯವಹಾರದ ಜಿಎಸ್‌ಟಿ. ಸಿ ಫಾರ್ಮ್ ಹೋಯಿತು, ಇದು ದೊಡ್ಡ ನೆಮ್ಮದಿ. ಮೊದಲ ತಿಂಗಳುಗಳಲ್ಲಿ ಅಂತರರಾಜ್ಯ ಸೇವೆ ಕೊಡುವ ಪ್ರತಿಯೊಬ್ಬರೂ, ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಮಾಡಿಸಬೇಕಿತ್ತು. ಅಕ್ಟೋಬರ್ 13ರ ಅಧಿಸೂಚನೆ 20 ಲಕ್ಷದವರೆಗೆ ಆ ಕಡ್ಡಾಯ ತೆಗೆಯಿತು. ಗಡಿನಾಡಿಗೆ ಅದು ಮೊದಲ ದಿನದಿಂದಲೇ ಬೇಕಿತ್ತು.

ಇನ್ನೂ ಉಳಿದಿರುವ ತೊಡಕು ಬೇರೆ. ವಾರ್ಷಿಕ ವಹಿವಾಟು 50 ಲಕ್ಷದೊಳಗಿರುವ ಸೇವಾದಾರರಿಗೆ 2019ರ ಏಪ್ರಿಲ್‌ನಿಂದ ವಹಿವಾಟಿನ ಶೇ. 6ನ್ನಷ್ಟೇ ಕಟ್ಟುವ ಸರಳ ಕಾಂಪೊಸಿಷನ್ ವ್ಯವಸ್ಥೆ ಇದೆ. ಹೊರ ರಾಜ್ಯಕ್ಕೆ ಸೇವೆ ಕೊಡುವವರಿಗೆ ಅದು ಇಲ್ಲ. ಬೆಂಗಳೂರಿನವರು ರಾಜ್ಯದೊಳಗೇ ಬೇಕಾದಷ್ಟು ಗಿರಾಕಿಗಳನ್ನು ಹುಡುಕಿಕೊಂಡು ಅದರಲ್ಲಿ ಉಳಿಯಬಹುದು. ಬದಿಯಡ್ಕದವರು ಮಂಗಳೂರಿಗೆ ಒಂದೇ ಲೈಸೆನ್ಸ್ ಮಾರಿದರೂ ಹೊರಗೆ. ದೂರವನ್ನು ಅಳೆಯದೆ ಗಡಿಯನ್ನಷ್ಟೇ ನೋಡುವ ನಿಯಮವಿದು. ಇದನ್ನು ಮತ್ತೊಮ್ಮೆ ಯೋಚಿಸಬೇಕಾಗಿದೆ.

ಆದಾಯ ತೆರಿಗೆಯದು ಪ್ರತ್ಯೇಕ ಕಥೆ. ವಿದೇಶಿ ಸಾಫ್ಟ್‌ವೇರಿಗೆ ಕೊಡುವ ಹಣ ರಾಯಲ್ಟಿ (ಕೃತಿಸ್ವಾಮ್ಯದ ಬಳಕೆಗೆ ಕೊಡುವ ಪ್ರತಿಫಲ) ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟು ಸ್ಯಾಮ್‌ಸಂಗ್ ಪ್ರಕರಣದಲ್ಲಿ ಹೇಳಿತು, ದೆಹಲಿ ಹೈಕೋರ್ಟು ಒಪ್ಪಲಿಲ್ಲ. 2012ರ ಹಣಕಾಸು ಕಾಯ್ದೆ ಸಾಫ್ಟ್‌ವೇರ್ ಬಳಸುವ ಹಕ್ಕನ್ನು ರಾಯಲ್ಟಿಯೊಳಗೆ ಸೇರಿಸಿತು, ಅದೂ 1976ರಿಂದ ಅನ್ವಯವಾಗುವಂತೆ. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು ವಿದೇಶಿ ಮಾರಾಟಗಾರರಿಗೆ ಪರಿಹಾರ ಕೊಟ್ಟಿತು. ಆದರೆ ಅದಕ್ಕೆ ಆಧಾರ ದೇಶದೇಶಗಳ ನಡುವಿನ ತೆರಿಗೆ ಒಪ್ಪಂದ. ಕಾಸರಗೋಡಿನವರಿಗೂ ಮಂಗಳೂರಿನವರಿಗೂ ನಡುವೆ ಅಂಥ ಒಪ್ಪಂದ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮವರ ಲೈಸೆನ್ಸ್ ಹಣಕ್ಕೆ ರಾಯಲ್ಟಿಯ ಲೆಕ್ಕದಲ್ಲಿ ಶೇ. 10 ಟಿಡಿಎಸ್ ಹಿಡಿಯುವುದು ಮುಂದುವರಿಯಿತು. ತಾಂತ್ರಿಕ ಸೇವೆಗಾದರೆ 2020ರಿಂದ ಶೇ. 2. ಲೈಸೆನ್ಸನ್ನೂ ಸರ್ವೀಸನ್ನೂ ಒಂದೇ ಸಾಲಿನಲ್ಲಿ ಬರೆದ ಬಿಲ್ಲಿಗೆ ಇಡೀ ಮೊತ್ತದ ಮೇಲೆ ಹತ್ತು ಹೋಗುವುದುಂಟು. ಬೇರೆ ಬೇರೆ ಬರೆದರೆ ಕೈಯಲ್ಲಿ ಓಡಾಡುವ ಹಣ ಸ್ವಲ್ಪವಾದರೂ ಉಳಿಯುತ್ತದೆ.

ಈ ತೆರಿಗೆ ಗದ್ದಲದಲ್ಲಿ ಹಿಂದೆ ಬಿದ್ದದ್ದು ಕರಾರು ಪತ್ರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೈಸೆನ್ಸ್ ಬರಹದಲ್ಲಿರಬೇಕು, ಫೋನಿನಲ್ಲಿ ಒಪ್ಪಿದರೆ ಸಾಲದು. ಸಂಬಳಕ್ಕಿರುವವರು ಕೆಲಸದ ಭಾಗವಾಗಿ ಬರೆದ ಕೋಡು ಮಾಲೀಕರದು. ಬಿಡಿ ಕೆಲಸಕ್ಕೆ ಕರೆಸಿದವರು ಬರೆದದ್ದು, ಲಿಖಿತ ಹಸ್ತಾಂತರ ಇಲ್ಲದಿದ್ದರೆ, ಅವರದೇ. ಹಸ್ತಾಂತರ ಪತ್ರದಲ್ಲಿ ಅವಧಿ ಬರೆಯದೆ ಬಿಟ್ಟರೆ ಅದನ್ನು ಐದು ವರ್ಷವೆಂದೇ ಕಾಯ್ದೆ ತಿಳಿಯುತ್ತದೆ. ಮಂಡಿಗಳಲ್ಲಿ ಸಾಫ್ಟ್‌ವೇರ್ ಅದಕ್ಕಿಂತ ಹೆಚ್ಚು ಕಾಲ ಓಡುತ್ತದೆ.