ಹಾಲು ಚೆಲ್ಲಿದ್ದು ಏಪ್ರಿಲ್‌ನಲ್ಲಿ, ದುಡ್ಡು ಬಂದಿದ್ದು ಮಾರ್ಚ್ ಲೆಕ್ಕಕ್ಕೆ

ಅಮೆರಿಕದ ವಿಸ್ಕಾನ್ಸಿನ್‌ ರಾಜ್ಯದಲ್ಲಿ ಒಂದು ಹಳ್ಳಿಗಾಡಿನ ಕೌಂಟಿ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿನ ರೈತರ ಲೆಕ್ಕಪತ್ರ, ತೆರಿಗೆ ನೋಡಿಕೊಳ್ಳುವುದು ನನ್ನ ಕೆಲಸ. ಊರಿಗೆ ಫೋನ್ ಮಾಡಿದರೆ ಹಾಸನದ ಚಿಕ್ಕಪ್ಪ ಈಗಲೂ ಕೇಳುತ್ತಾರೆ, "ಕೊರೊನಾ ಟೈಮಲ್ಲಿ ಅಲ್ಲಿನ ರೈತರಿಗೆ ಸರ್ಕಾರ ಲಕ್ಷಗಟ್ಟಲೆ ಕೊಟ್ಟಿತಂತೆ, ಹೌದೇನಪ್ಪಾ?" ಕೊಟ್ಟಿದ್ದು ನಿಜ ಚಿಕ್ಕಪ್ಪ. ಆದರೆ ನಷ್ಟ ನೋಡಿ ಕೊಡಲಿಲ್ಲ, ಕಾಗದ ನೋಡಿ ಕೊಟ್ಟಿತು.

2020ರ ಏಪ್ರಿಲ್‌ನಲ್ಲಿ ಶಾಲೆ, ಹೋಟೆಲ್ ಎಲ್ಲ ಮುಚ್ಚಿ ಹಾಲು ಹೋಗುವ ದಾರಿಯೇ ಕಟ್ಟಿತ್ತು. ಹಸುವಿಗೆ ಲಾಕ್‌ಡೌನ್ ಗೊತ್ತಾಗುತ್ತದಾ? ಹೊತ್ತಿಗೆ ಸರಿಯಾಗಿ ಕರೆಯಲೇಬೇಕು. ಕರೆದಿದ್ದನ್ನು ಸಗಣಿ ಗುಂಡಿಗೆ ಬಿಟ್ಟವರು ನನ್ನ ಕಕ್ಷಿದಾರರಲ್ಲೇ ಇದ್ದಾರೆ. ಕೃಷಿ ಇಲಾಖೆ ಏಪ್ರಿಲ್ 17ಕ್ಕೆ 19 ಬಿಲಿಯನ್ ಡಾಲರ್ ಘೋಷಿಸಿತು. ಅದರಲ್ಲಿ 16 ಬಿಲಿಯನ್ ನೇರ ರೈತರಿಗೆ. ಯೋಜನೆಯ ಹೆಸರು ಸಿಎಫ್‌ಎಪಿ, ಅಂದರೆ ಕೊರೊನಾವೈರಸ್ ಫುಡ್ ಅಸಿಸ್ಟೆನ್ಸ್ ಪ್ರೋಗ್ರಾಂ. ಅರ್ಜಿ ಶುರುವಾಗಿದ್ದು ಮೇ 26ಕ್ಕೆ, ಕೌಂಟಿಯಲ್ಲಿರುವ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿ ಆಫೀಸಿನಲ್ಲಿ.

ಲೆಕ್ಕ ಹೀಗಿತ್ತು. ಜನವರಿಯಿಂದ ಮಾರ್ಚ್‌ವರೆಗೆ ಕರೆದ ಹಾಲಿಗೆ 100 ಪೌಂಡಿಗೆ (ಅಂದರೆ 45 ಕೆಜಿ ಚಿಲ್ಲರೆ) 4.71 ಡಾಲರ್. ಮುಂದಿನ ಮೂರು ತಿಂಗಳಿಗೆ ಅದೇ ಹಾಲನ್ನು 1.014ರಿಂದ ಗುಣಿಸಿ, ಅದಕ್ಕೆ 1.47 ಡಾಲರ್. 80 ಹಸು, ಒಂದೊಂದು ದಿನಕ್ಕೆ 70 ಪೌಂಡ್ ಕೊಡುತ್ತವೆ ಅಂದುಕೊಳ್ಳಿ. ಹೆಚ್ಚುಕಮ್ಮಿ 31,600 ಡಾಲರ್ ಬರುತ್ತಿತ್ತು, ಮೊದಲಿಗೆ ಕೈಗೆ ಸಿಕ್ಕಿದ್ದು ಅದರಲ್ಲಿ 80 ಪರ್ಸೆಂಟ್ ಮಾತ್ರ. ನೀವು ಏಪ್ರಿಲ್‌ನಲ್ಲಿ ಎಷ್ಟು ಚೆಲ್ಲಿದಿರಿ ಎಂದು ಯಾರೂ ಕೇಳಲಿಲ್ಲ. ಒಂದು ಹನಿಯೂ ಚೆಲ್ಲದ ಪಕ್ಕದ ಮನೆಯವನಿಗೂ ಅದೇ ದರ.

ಇನ್ನೊಂದು ವಿಷಯ, ನಮ್ಮೂರ ಡೈರಿಗೆ ಹಾಲು ಹಾಕುವವರಿಗೆ ತಟ್ಟನೆ ಹೊಳೆಯುತ್ತದೆ. ಇದರಲ್ಲಿ ಫ್ಯಾಟ್ ಲೆಕ್ಕವೇ ಇರಲಿಲ್ಲ! ಬರೀ ತೂಕ. ಜರ್ಸಿ ಕಟ್ಟಿದವರ ಹಾಲು ಗಟ್ಟಿ ಆದರೂ ಕಮ್ಮಿ, ಹಾಗಾಗಿ ಚೆಕ್ಕೂ ಕಮ್ಮಿ.

ಒಬ್ಬರಿಗೆ ಮಿತಿ 2,50,000 ಡಾಲರ್ ಇತ್ತು. ದೊಡ್ಡ ಫಾರ್ಮಿನವರು ಕಂಪನಿ ಮಾಡಿಕೊಂಡಿದ್ದು, ಮೂವರು ಪಾಲುದಾರರು ತಲಾ 400 ಗಂಟೆ ದುಡಿದಿದ್ದಾರೆ ಅಥವಾ ಉಸ್ತುವಾರಿ ನೋಡಿದ್ದಾರೆ ಎಂದು ತೋರಿಸಿದರೆ ಅದು 7,50,000ಕ್ಕೆ ಏರುತ್ತಿತ್ತು. ಗಂಡ ಹೆಂಡತಿ ಇಬ್ಬರೇ ದುಡಿಯುವ 80 ಹಸುವಿನ ಮನೆಗೆ ಈ ಮಿತಿ ಕಟ್ಟಿಕೊಂಡು ಏನಾಗಬೇಕು, ಅಲ್ವಾ?

ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ) ಎಂಬ ಕೊರೊನಾ ಸಾಲದ ಕತೆ ಇನ್ನೂ ತಮಾಷೆ. ಸಂಬಳಕ್ಕೆ ಖರ್ಚು ಮಾಡಿದರೆ ಮನ್ನಾ ಆಗುತ್ತಿದ್ದ ಸಾಲ ಅದು. ಸಂಬಳದ ಆಳುಗಳಿಲ್ಲದ ಒಬ್ಬನೇ ಮಾಲೀಕನಾದರೆ ತೆರಿಗೆ ಫಾರಂನಲ್ಲಿ ತೋರಿಸಿದ ನಿವ್ವಳ ಲಾಭವೇ ಅವನ ಸಂಬಳ, ಸಾಲ ಅದರ ಮೇಲೆ. ನಾವು ಲೆಕ್ಕಿಗರು ವರ್ಷ ವರ್ಷ ಟ್ರ್ಯಾಕ್ಟರ್ ಸವಕಳಿ ಹಾಕಿ ಲಾಭವನ್ನು ಸೊನ್ನೆಗೆ ತಂದು ಬೆನ್ನು ತಟ್ಟಿಸಿಕೊಂಡವರು. ಆಗ ಅದೇ ಸೊನ್ನೆ ಕಟ್ಟಿಕೊಂಡು ಬ್ಯಾಂಕಿಗೆ ಹೋದರೆ ಸಾಲವೂ ಸೊನ್ನೆ. ಡಿಸೆಂಬರ್‌ನಲ್ಲಿ ಕಾನೂನು ತಿದ್ದಿ ಒಟ್ಟು ಆದಾಯದ ಮೇಲೆ ಕೊಡಬಹುದು ಎಂದಾಗ ಅದೇ ಜನರಿಗೆ 20,833 ಡಾಲರ್‌ವರೆಗೆ ಸಿಕ್ಕಿತು. ಆ ಚಳಿಗಾಲ ನಾನು ಎಷ್ಟು ಜನಕ್ಕೆ ಫೋನ್ ಮಾಡಿ "ಇನ್ನೊಂದು ಸಲ ಹೋಗಿ" ಎಂದೆನೋ.

ಮನ್ನಾ ಆದ ಪಿಪಿಪಿಗೆ ತೆರಿಗೆ ಇರಲಿಲ್ಲ. ಸಿಎಫ್‌ಎಪಿಗೆ ಇತ್ತು. ಇದನ್ನು ಹೇಳಿದಾಗಲೇ ನನಗೆ ಜಾಸ್ತಿ ಬೈಗುಳ ಸಿಕ್ಕಿದ್ದು. ಒಬ್ಬರು ಚೆಕ್ ಬಂದ ದಿನವೇ ಮೇವಿನ ಅಂಗಡಿ ಬಾಕಿ ತೀರಿಸಿ ನಿರಾಳವಾಗಿದ್ದರು. ಫೆಬ್ರವರಿಯಲ್ಲಿ ಸರ್ಕಾರದ 1099-ಜಿ ಫಾರಂ, ಅಂದರೆ ಕೊಟ್ಟ ದುಡ್ಡಿನ ಲೆಕ್ಕ ತೋರಿಸುವ ಕಾಗದ, ಹಿಡಿದು ಬಂದರು, ಜೊತೆಗೆ ಹಾಲಿನ ಚೀಟಿ ತುಂಬಿದ ಒಂದು ರಟ್ಟಿನ ಪೆಟ್ಟಿಗೆ. "ಕೊಟ್ಟು ಕಿತ್ತುಕೊಳ್ಳುತ್ತಾರಾ?" ಎಂದರು. ಪೂರ್ತಿ ಅಲ್ಲ, ಮೇವಿನ ಖರ್ಚು ಕಳೆಯೋಣ, ಮಾರ್ಚ್ 1ರೊಳಗೆ ರಿಟರ್ನ್ ಹಾಕೋಣ ಎಂದೆ. ಹೊರಡುವಾಗ ಪೆಟ್ಟಿಗೆಯನ್ನು ಇಲ್ಲೇ ಕಸಕ್ಕೆ ಹಾಕಲಾ ಎಂದು ಕೇಳಿದರು. ಅಯ್ಯೋ, ಬೇಡ. ತಪಾಸಣೆಗೆ ಬಂದರೆ ಆ ಚೀಟಿಗಳೇ ಸಾಕ್ಷಿ, ಮೂರು ವರ್ಷ ಅಟ್ಟದ ಮೇಲಿಡಿ ಎಂದು ವಾಪಸ್ ಹೊರಿಸಿ ಕಳಿಸಿದೆ.