ವಿದ್ಯಾರ್ಥಿಗಳು ಕಡಿಮೆಯಾಗುತ್ತಿರುವಾಗ ಕಾಲೇಜು ಕಟ್ಟಡ ಕಟ್ಟುವುದೇಕೆ?

ಪ್ರಶ್ನೆ: ನಾವು ಕ್ಯುಪರ್ಟಿನೊದಲ್ಲಿ ಮನೆ ಕೊಂಡು ಕೆಲವು ವರ್ಷಗಳಾದವು. ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಫುಟ್‌ಹಿಲ್–ಡಿ ಆಂಜಾ ಕಮ್ಯುನಿಟಿ ಕಾಲೇಜಿನ ಹೆಸರಿನಲ್ಲಿಯೂ ಒಂದು ಮೊತ್ತ ಇರುತ್ತದೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿದೆ, ಬಹಳಷ್ಟು ಪಾಠ ಆನ್‌ಲೈನ್ ಆಗಿದೆ ಎಂದು ಕೇಳುತ್ತೇವೆ. ಹಾಗಿದ್ದರೂ ಕಟ್ಟಡಗಳಿಗಾಗಿ ಕೋಟಿಗಟ್ಟಲೆ ಡಾಲರುಗಳ ಯೋಜನೆ ಏಕೆ? ಆ ಹಣವನ್ನು ಅಧ್ಯಾಪಕರಿಗೆ ಕೊಡಬಾರದೇ?

ಉತ್ತರ: ಸಿಲಿಕಾನ್ ಕಣಿವೆಯಲ್ಲಿ ನೆಲೆಸಿರುವ ಕನ್ನಡಿಗರು, ಅದರಲ್ಲೂ ಹೈಸ್ಕೂಲಿನ ಮಕ್ಕಳನ್ನು ಬೇಸಿಗೆಯ ಕೋರ್ಸುಗಳಿಗೆಂದು ಡಿ ಆಂಜಾಕ್ಕೆ ಬಿಟ್ಟುಬರುವ ತಂದೆ-ತಾಯಂದಿರು, ಕೇಳುತ್ತಲೇ ಇರುವ ಪ್ರಶ್ನೆಯಿದು. ಇದರಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಎರಡನೆಯದಕ್ಕೆ ಉತ್ತರ ಚಿಕ್ಕದಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಆ ಹಣವನ್ನು ಅಧ್ಯಾಪಕರಿಗೆ ಕೊಡುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರದೇಶದ ಕಮ್ಯುನಿಟಿ ಕಾಲೇಜುಗಳನ್ನು, ಅಂದರೆ ಎರಡು ವರ್ಷಗಳ ಸಾರ್ವಜನಿಕ ಕಾಲೇಜುಗಳನ್ನು, ನಡೆಸುವ ಸಂಸ್ಥೆಗೆ ಕಾಲೇಜು ಜಿಲ್ಲೆ ಎನ್ನುತ್ತಾರೆ; ಫುಟ್‌ಹಿಲ್ ಮತ್ತು ಡಿ ಆಂಜಾ ಎರಡೂ ಕಾಲೇಜುಗಳು ಒಂದೇ ಜಿಲ್ಲೆಯವು. ಇಂಥ ಜಿಲ್ಲೆಯೊಂದು ಕಟ್ಟಡಗಳಿಗಾಗಿ ಸಾಲವೆತ್ತಬೇಕಾದರೆ ಮತದಾರರ ಒಪ್ಪಿಗೆ ಬೇಕು. ಆ ಸಾಲಪತ್ರಗಳನ್ನು, ಅಂದರೆ ಬಾಂಡುಗಳನ್ನು, ಆಸ್ತಿ ತೆರಿಗೆಯಿಂದಲೇ ತೀರಿಸಬೇಕು. ಮೊದಲು ಇದಕ್ಕೆ ಮೂರರಲ್ಲಿ ಎರಡು ಪಾಲು ಮತಗಳು ಬೇಕಾಗಿದ್ದವು. 2000ದ ನವೆಂಬರಿನಲ್ಲಿ ರಾಜ್ಯದ ಮತದಾರರು ಅಂಗೀಕರಿಸಿದ ಪ್ರಾಪೊಸಿಷನ್ 39 ಎಂಬ ಪ್ರಸ್ತಾವ ಅದನ್ನು ಶೇಕಡಾ 55ಕ್ಕೆ ಇಳಿಸಿತು, ಆದರೆ ಬಿಗಿಯಾದ ಷರತ್ತುಗಳನ್ನೂ ಜೊತೆಗಿಟ್ಟಿತು. ಯಾವ ಯಾವ ಕಾಮಗಾರಿಗೆ ಹಣ ಎಂಬ ಪಟ್ಟಿಯನ್ನು ಮತದಾನಕ್ಕೆ ಮೊದಲೇ ಕೊಡಬೇಕು. ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಬೇಕು. ಅಧ್ಯಾಪಕರ ಮತ್ತು ಆಡಳಿತಗಾರರ ಸಂಬಳಕ್ಕಾಗಲಿ, ದಿನನಿತ್ಯದ ಖರ್ಚಿಗಾಗಲಿ ಈ ಹಣವನ್ನು ಬಳಸಕೂಡದು. ಕೊನೆಯ ಈ ಮಾತು ರಾಜ್ಯದ ಸಂವಿಧಾನದಲ್ಲಿಯೇ ಇದೆ. ಕಮ್ಯುನಿಟಿ ಕಾಲೇಜು ಜಿಲ್ಲೆಗಳ ಮಟ್ಟಿಗೆ ಒಂದು ಬಾಂಡಿನಿಂದ ಬೀಳುವ ತೆರಿಗೆಯ ಅಂದಾಜು, ಕೌಂಟಿ ನಿಗದಿಪಡಿಸಿದ ಆಸ್ತಿ ಮೌಲ್ಯದ ಪ್ರತಿ 1 ಲಕ್ಷ ಡಾಲರಿಗೆ ವರ್ಷಕ್ಕೆ 25 ಡಾಲರನ್ನು ಮೀರಬಾರದು. ನಿಮ್ಮ ಮನೆಗೆ 10 ಲಕ್ಷ ಡಾಲರ್ ಮೌಲ್ಯ ನಿಗದಿಯಾಗಿದ್ದರೆ, ಒಂದು ಬಾಂಡಿನ ಲೆಕ್ಕದಲ್ಲಿ ಅದು ಹೆಚ್ಚೆಂದರೆ 250 ಡಾಲರ್.

ಕಟ್ಟಡದ ಹಣಕ್ಕೂ ಬೋಧನೆಯ ಹಣಕ್ಕೂ ಇರುವ ಈ ವ್ಯತ್ಯಾಸ 2020ರ ಮಾರ್ಚ್ 3ರ ಚುನಾವಣೆಯಲ್ಲಿ ಎದ್ದು ಕಂಡಿತು. ಫುಟ್‌ಹಿಲ್–ಡಿ ಆಂಜಾ ಜಿಲ್ಲೆ ಅಂದು ಎರಡು ಪ್ರಸ್ತಾವಗಳನ್ನು ಮತದಾರರ ಮುಂದಿಟ್ಟಿತ್ತು. ಕಟ್ಟಡಗಳಿಗಾಗಿ 89.8 ಕೋಟಿ ಡಾಲರಿನ ಬಾಂಡ್ ಕೋರಿದ ಮೆಷರ್ ಜಿ ಗೆದ್ದಿತು. ಪ್ರತಿ ನಿವೇಶನಕ್ಕೆ ವರ್ಷಕ್ಕೆ 48 ಡಾಲರ್ ತೆರಿಗೆ ಕೋರಿದ ಮೆಷರ್ ಎಚ್, ಅಂದರೆ ಬೋಧನೆ ಮತ್ತು ವಿದ್ಯಾರ್ಥಿಗಳ ನೆರವಿಗೆ ಬಳಸಬಹುದಾಗಿದ್ದ ಹಣದ ಪ್ರಸ್ತಾವ, ಅಗತ್ಯವಾದ ಮೂರರಲ್ಲಿ ಎರಡು ಪಾಲು ಮತ ದೊರಕದೆ ಬಿದ್ದುಹೋಯಿತು. ಕಾಲೇಜಿನವರು ಕಟ್ಟಡಕ್ಕೆ ಮಾತ್ರ ಹಣ ಸುರಿಯುತ್ತಾರೆ ಎಂದು ದೂರುವಾಗ, ಅಧ್ಯಾಪಕರಿಗೆ ತಲುಪಬಹುದಾಗಿದ್ದ ಹಣಕ್ಕೆ ಕಾನೂನು ಎತ್ತರದ ಗೋಡೆ ಕಟ್ಟಿರುವುದನ್ನೂ ನಾವು ಗಮನಿಸಬೇಕು.

ಇನ್ನು ನಿಮ್ಮ ಮೊದಲ ಪ್ರಶ್ನೆ. ವಿದ್ಯಾರ್ಥಿಗಳ ಸಂಖ್ಯೆ ಇಳಿದಿರುವುದು ನಿಜ. ಆದರೆ ಕ್ಯಾಂಪಸ್ ಮಾಸ್ಟರ್ ಪ್ಲಾನ್ ಎಂದರೆ ಹೊಸ ಕಟ್ಟಡಗಳ ಆಸೆಪಟ್ಟಿ ಎಂಬ ತಿಳಿವಳಿಕೆ ಸರಿಯಲ್ಲ. ಅದು ಬಹುಪಾಲು ಈಗಾಗಲೇ ನಿಂತಿರುವ ಕಟ್ಟಡಗಳ ಕುರಿತಾದ ಯೋಜನೆ: ಯಾವುದನ್ನು ಉಳಿಸಬೇಕು, ಯಾವುದನ್ನು ದುರಸ್ತಿ ಮಾಡಬೇಕು, ಯಾವುದನ್ನು ಕೆಡವಬೇಕು, ಕೆಡವಿದ ಮೇಲೆ ಅಲ್ಲಿದ್ದ ತರಗತಿಗಳು ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಗಳನ್ನು ಮುಂದಿನ ಹತ್ತು ಹದಿನೈದು ವರ್ಷಗಳ ಅವಧಿಗೆ ಒಂದೇ ನಕ್ಷೆಯ ಮೇಲೆ ಇಟ್ಟು ನೋಡುವ ಪ್ರಯತ್ನ.

ಇಲ್ಲಿ ಈ ಕ್ಯಾಂಪಸ್ಸುಗಳ ವಯಸ್ಸನ್ನು ನೆನೆಯಬೇಕು. ಲಾಸ್ ಆಲ್ಟೋಸ್ ಹಿಲ್ಸ್‌ನ ಗುಡ್ಡದ ಮೇಲಿರುವ ಫುಟ್‌ಹಿಲ್ ಕಾಲೇಜಿನ ಕ್ಯಾಂಪಸ್ 1961ರಲ್ಲಿ ಆರಂಭವಾಯಿತು. ವಾಸ್ತುಶಿಲ್ಪಿ ಅರ್ನೆಸ್ಟ್ ಕಂಪ್ ರೂಪಿಸಿದ, ಅಗಲವಾದ ಚಾವಣಿ ಚಾಚಿಕೊಂಡ ಅದರ ತಗ್ಗು ಕಟ್ಟಡಗಳು ವಾಸ್ತುಶಿಲ್ಪದ ವಲಯದಲ್ಲಿ ಹೆಸರು ಮಾಡಿದಂಥವು. ಕ್ಯುಪರ್ಟಿನೊದ ಡಿ ಆಂಜಾ 1967ರಲ್ಲಿ ತೆರೆಯಿತು. ಎರಡೂ ಕಡೆ ಕಟ್ಟಡಗಳ ಬಹುಭಾಗ ಕೆಲವೇ ವರ್ಷಗಳ ಅಂತರದಲ್ಲಿ ಎದ್ದು ನಿಂತಿತು, ಮತ್ತು ಒಂದೇ ಕಾಲದಲ್ಲಿ ಹುಟ್ಟಿದ ಕಟ್ಟಡಗಳು ಒಂದೇ ಕಾಲಕ್ಕೆ ಮುಪ್ಪಾಗುತ್ತವೆ. ಚಾವಣಿ, ನೀರಿನ ಕೊಳವೆ, ವಿದ್ಯುತ್ ಪ್ಯಾನೆಲ್, ಬಿಸಿನೀರಿನ ಬಾಯ್ಲರ್, ಗಾಳಿ ಆಡಿಸುವ ಯಂತ್ರ, ಇವೆಲ್ಲಕ್ಕೂ ಅವುಗಳದೇ ಆಯುಸ್ಸು ಇದೆ. ನೆಲದಡಿಯ ಕೊಳವೆ ಒಡೆದರೆ, ತರಗತಿಯಲ್ಲಿ ಮೂವತ್ತು ಮಂದಿ ಇದ್ದರೂ ಹದಿನೈದು ಮಂದಿ ಇದ್ದರೂ ಅಗೆಯುವ ಖರ್ಚು ಒಂದೇ. ಜಿಲ್ಲೆ 1999ರಲ್ಲಿ ಮೆಷರ್ ಇ ಮೂಲಕ 24.8 ಕೋಟಿ, 2006ರಲ್ಲಿ ಮೆಷರ್ ಸಿ ಮೂಲಕ 49.08 ಕೋಟಿ ಡಾಲರ್ ಪಡೆದು, ಈ ಹಳೆಯ ಕಟ್ಟಡಗಳ ದುರಸ್ತಿಗೂ ಹೊಸ ಕಟ್ಟಡಗಳಿಗೂ ತೊಡಗಿಸಿತು. 2005ರಲ್ಲಿ ಡಿ ಆಂಜಾದಲ್ಲಿ ತೆರೆದ, ಪರಿಸರ ಅಧ್ಯಯನದ ಕಿರ್ಷ್ ಸೆಂಟರ್ ಆ ಅವಧಿಯದು. ಇಂಧನವನ್ನು ಮಿತವಾಗಿ ಬಳಸುವ ಆ ಕಟ್ಟಡಕ್ಕೆ, ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಮಾನ್ಯತೆ ದೊರೆತಿದೆ.

ಭೂಕಂಪದ ಮಾತೂ ಇದೆ. 1933ರ ಮಾರ್ಚ್ 10ರ ಸಂಜೆ ದಕ್ಷಿಣ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಡುಗಿದಾಗ ಹತ್ತಾರು ಶಾಲಾ ಕಟ್ಟಡಗಳು ಕುಸಿದವು. ಮಕ್ಕಳು ಮನೆಗೆ ಹೋಗಿದ್ದರು ಎಂಬುದೊಂದೇ ಅಂದಿನ ಪುಣ್ಯ. ಸರಿಯಾಗಿ ಒಂದು ತಿಂಗಳಲ್ಲಿ, ಶಾಲಾ ಕಟ್ಟಡಗಳು ಭೂಕಂಪ ತಾಳುವಂತಿರಬೇಕೆನ್ನುವ ಫೀಲ್ಡ್ ಕಾಯ್ದೆ ಜಾರಿಗೆ ಬಂತು. ಕಮ್ಯುನಿಟಿ ಕಾಲೇಜುಗಳ ಕಟ್ಟಡಗಳೂ ಸಾಮಾನ್ಯವಾಗಿ ಅದರ ವ್ಯಾಪ್ತಿಯಲ್ಲಿ ಬರುತ್ತವೆ: ನಕ್ಷೆಯನ್ನು ರಾಜ್ಯದ ವಾಸ್ತುಶಿಲ್ಪ ವಿಭಾಗ ಪರಿಶೀಲಿಸಬೇಕು, ಕಾಮಗಾರಿ ನಡೆಯುವಷ್ಟು ಕಾಲ ಇನ್ಸ್‌ಪೆಕ್ಟರ್ ಸ್ಥಳದಲ್ಲಿ ನಿಗಾ ಇಡಬೇಕು. ಇದರಿಂದ ಖರ್ಚು ಹೆಚ್ಚುತ್ತದೆ, ಕಾಲವೂ ಹಿಡಿಯುತ್ತದೆ. 1989ರ ಲೋಮಾ ಪ್ರಿಯೆಟಾ ಭೂಕಂಪವನ್ನು ಕಂಡ ಈ ಸೀಮೆಯಲ್ಲಿ ಆ ಖರ್ಚನ್ನು ದಂಡವೆಂದು ನಾನು ಎಣಿಸಲಾರೆ.

ವಿದ್ಯಾರ್ಥಿಗಳ ಸಂಖ್ಯೆಗೂ ಜಾಗಕ್ಕೂ ಸಂಬಂಧವೇ ಇಲ್ಲವೇ ಎಂದರೆ, ಖಂಡಿತ ಇದೆ, ಮತ್ತು ಅದನ್ನು ರಾಜ್ಯವು ಚದರಡಿಯ ಲೆಕ್ಕದಲ್ಲಿ ಅಳೆಯುತ್ತದೆ. ರಾಜ್ಯದ ನಿಯಮದಂತೆ ಪಾಠದ ಕೋಣೆಯಲ್ಲಿ ಒಂದು ಆಸನಕ್ಕೆ 15 ಚದರಡಿ. ನಲವತ್ತು ಆಸನಗಳ ಕೋಣೆಯೆಂದರೆ 600 ಚದರಡಿ. ಆ ಕೋಣೆ ಸಣ್ಣ ಕ್ಯಾಂಪಸ್ಸಿನಲ್ಲಿ ವಾರಕ್ಕೆ 48 ಗಂಟೆ, ದೊಡ್ಡದರಲ್ಲಿ 53 ಗಂಟೆ ಬಳಕೆಯಲ್ಲಿರಬೇಕು, ಆ ಹೊತ್ತಿನಲ್ಲಿ ಆಸನಗಳಲ್ಲಿ ಶೇಕಡಾ 66ರಷ್ಟು ತುಂಬಿರಬೇಕು ಎಂಬುದು ಮಾನದಂಡ. ವಾರಕ್ಕೆ 48 ಗಂಟೆ ಎಂದರೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಒಂಬತ್ತೂವರೆ ಗಂಟೆಗೂ ಮೇಲಾಯಿತು. ಬೆಳಗಿನಿಂದ ರಾತ್ರಿಯ ತರಗತಿಗಳವರೆಗೆ ಕೋಣೆಗೆ ಹೆಚ್ಚು ಬಿಡುವಿರಬಾರದು. ಪಾಠದ ಕೋಣೆ, ಪ್ರಯೋಗಾಲಯ, ಕಚೇರಿ, ಗ್ರಂಥಾಲಯ ಎಂದು ಬೇರೆ ಬೇರೆಯಾಗಿ, ಇರುವ ಜಾಗವನ್ನು ಬೇಕಾದ ಜಾಗದೊಂದಿಗೆ ಹೋಲಿಸುತ್ತಾರೆ. ಹೋಲಿಕೆ ಶೇಕಡಾ 100ನ್ನು ದಾಟಿತೆಂದರೆ ಆ ಬಗೆಯ ಜಾಗ ಹೆಚ್ಚಾಯಿತೆಂದು ಅರ್ಥ, ಮತ್ತು ಅದನ್ನು ಮತ್ತಷ್ಟು ಹೆಚ್ಚಿಸಲು ರಾಜ್ಯದಿಂದ ಹಣ ಸಿಗುವುದು ಕಷ್ಟ.

ಸಂಖ್ಯೆ ಇಳಿದ ಕಾಲೇಜು ಹಳೆಯ ಕಟ್ಟಡಗಳನ್ನು ಕೆಡವುವ ಮಾತಾಡುವುದು ಇದೇ ಕಾರಣಕ್ಕೆ. ಪಾಠದ ಕೋಣೆಗಳು ಹೆಚ್ಚಾಗಿದ್ದು ಪ್ರಯೋಗಾಲಯಗಳು ಕಡಿಮೆಯಾಗಿರಬಹುದು. ಅರ್ಥಶಾಸ್ತ್ರವನ್ನು ಮನೆಯಲ್ಲಿ ಕುಳಿತು ಕಲಿಯಬಹುದು. ಮೋಟಾರು ಎಂಜಿನ್ ಬಿಚ್ಚಿ ಜೋಡಿಸುವುದನ್ನು, ಶುಶ್ರೂಷೆಯ ಅಭ್ಯಾಸವನ್ನು, ರಸಾಯನಶಾಸ್ತ್ರದ ಪ್ರಯೋಗವನ್ನು ಹಾಗೆ ಕಲಿಯಲಾಗದು. ಒಟ್ಟು ಚದರಡಿ ಕಡಿಮೆ ಮಾಡಿಕೊಂಡೇ ಹೊಸ ಕಟ್ಟಡ ಕಟ್ಟುವುದು ಸಾಧ್ಯ. ನನ್ನ ದೃಷ್ಟಿಯಲ್ಲಿ ಸಂಖ್ಯೆ ಇಳಿಯುವ ಕಾಲದ ಒಳ್ಳೆಯ ಯೋಜನೆಯ ಗುರುತೇ ಅದು.

ಫ್ಲಿಂಟ್ ಸೆಂಟರಿನ ಕಥೆ ಇದಕ್ಕೆ ಹತ್ತಿರದ ಉದಾಹರಣೆ. 1971ರಲ್ಲಿ ಡಿ ಆಂಜಾ ಕ್ಯಾಂಪಸ್ಸಿನಲ್ಲಿ ತೆರೆದ, ಎರಡು ಸಾವಿರಕ್ಕೂ ಹೆಚ್ಚು ಆಸನಗಳ ಈ ರಂಗಮಂದಿರದಲ್ಲಿಯೇ 1984ರ ಜನವರಿ 24ರಂದು ಸ್ಟೀವ್ ಜಾಬ್ಸ್ ಮ್ಯಾಕಿಂಟಾಷ್ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದ್ದು. ನಮ್ಮ ದೇಶದ ಸಂಗೀತಗಾರರ ಕಛೇರಿಗಳನ್ನು ಅಲ್ಲಿ ಕುಳಿತು ಕೇಳಿದ ಕನ್ನಡಿಗರೂ ಅನೇಕರಿದ್ದಾರೆ. ಅದನ್ನು 2019ರಲ್ಲಿ ಮುಚ್ಚಲಾಯಿತು. ಹಲವರಿಗೆ ನೋವಾಯಿತು, ಮತ್ತು ಆ ನೋವು ಸಹಜವಾದದ್ದು. ಆದರೆ ದುರಸ್ತಿಯ ಖರ್ಚು ಭಾರಿಯಾಗಿತ್ತು, ಮಂದಿರದ ಬಳಕೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳ ಪಾಲು ಕಡಿಮೆಯಿತ್ತು. ವಿದ್ಯಾರ್ಥಿಗಳಿಗೆ ನೇರವಾಗಿ ಉಪಯೋಗವಾಗುವ ಕಟ್ಟಡ ಅದೇ ಜಾಗದಲ್ಲಿ ಬರಬೇಕು ಎಂಬ ವಾದ ಕಾಲೇಜಿನ ಧರ್ಮಕ್ಕೆ ಹೆಚ್ಚು ಹತ್ತಿರವಾದದ್ದು ಎಂದು ನನಗನ್ನಿಸುತ್ತದೆ.

ಯೋಜನೆಗೊಂದು ಕ್ರಮವೂ ಇದೆ. ಯಾವ ವಿಷಯಗಳನ್ನು ಕಲಿಸಬೇಕು, ಯಾವುದಕ್ಕೆ ಬೇಡಿಕೆ ಇದೆ ಎಂಬ ಶೈಕ್ಷಣಿಕ ಯೋಜನೆ ಮೊದಲು ಆಗಬೇಕು. ಕಟ್ಟಡಗಳ ಯೋಜನೆ ಅದರ ಹಿಂದೆ ಬರಬೇಕು. ಅದರ ಆಧಾರದ ಮೇಲೆ ಪ್ರತಿ ಜಿಲ್ಲೆಯೂ ಐದು ವರ್ಷಗಳ ನಿರ್ಮಾಣ ಯೋಜನೆಯನ್ನು ವರ್ಷವರ್ಷವೂ ಪರಿಷ್ಕರಿಸಿ ರಾಜ್ಯದ ಕಮ್ಯುನಿಟಿ ಕಾಲೇಜುಗಳ ಚಾನ್ಸಲರ್ ಕಚೇರಿಗೆ ಕಳಿಸುತ್ತದೆ. ರಾಜ್ಯದ ಹಣ ಬೇಕಿದ್ದರೆ ಮೊದಲು ಆರಂಭಿಕ ಪ್ರಸ್ತಾವ, ಬಳಿಕ ಅಂತಿಮ ಪ್ರಸ್ತಾವ, ಅದು ಒಪ್ಪಿಗೆಯಾದ ಮೇಲೆ ಪ್ರಾಥಮಿಕ ನಕ್ಷೆ, ವಿವರವಾದ ನಕ್ಷೆ, ನಿರ್ಮಾಣ, ಸಲಕರಣೆ ಎಂದು ಹಂತ ಹಂತವಾಗಿ ಹಣ ಬಿಡುಗಡೆಯಾಗುತ್ತದೆ. 2024ರ ನವೆಂಬರಿನಲ್ಲಿ ಮತದಾರರು ಒಪ್ಪಿದ ಪ್ರಾಪೊಸಿಷನ್ 2ರ 1,000 ಕೋಟಿ ಡಾಲರಿನಲ್ಲಿ ಕಮ್ಯುನಿಟಿ ಕಾಲೇಜುಗಳ ಪಾಲು 150 ಕೋಟಿ. ಅದು ರಾಜ್ಯದ 116 ಕಾಲೇಜುಗಳ ನಡುವೆ ಹಂಚಿಕೆಯಾಗಬೇಕಾದ್ದರಿಂದ ಸ್ಪರ್ಧೆ ತೀವ್ರವಾಗಿರುತ್ತದೆ. ಇಷ್ಟೆಲ್ಲ ಮುಗಿದು ಕಟ್ಟಡದ ಬಾಗಿಲು ತೆರೆಯುವ ಹೊತ್ತಿಗೆ ಹಲವು ವರ್ಷಗಳು ಕಳೆದಿರುತ್ತವೆ. ಇಂದಿನ ವಿದ್ಯಾರ್ಥಿಗಳ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸಲಾಗದು ಎನ್ನುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ನಿಮ್ಮ ಅನುಮಾನಕ್ಕೆ ಆಧಾರವಿಲ್ಲವೆಂದು ನಾನು ಹೇಳುತ್ತಿಲ್ಲ. ಇಂಥ ಯೋಜನೆಗಳ ಪುಸ್ತಕಗಳಲ್ಲಿ ಮರಗಳ ನೆರಳಿನಲ್ಲಿ ನಗುತ್ತ ನಡೆಯುವ ವಿದ್ಯಾರ್ಥಿಗಳ ಬಣ್ಣದ ಚಿತ್ರಗಳು ಪುಟ ತುಂಬ ಇರುತ್ತವೆ. ಕಟ್ಟಿದ ಮೇಲಿನ ವಿದ್ಯುತ್ತು, ಸ್ವಚ್ಛತೆ, ದುರಸ್ತಿಗಳ ಲೆಕ್ಕ ಎಲ್ಲೋ ಅನುಬಂಧದಲ್ಲಿ ಅಡಗಿರುತ್ತದೆ. ಈ ಭಾಗದ ಕಾಲೇಜುಗಳಿಗೆ ಮಾನ್ಯತೆ ನೀಡುವ ಆಯೋಗವು 2014ರ ತನ್ನ ಮಾನದಂಡಗಳಲ್ಲಿ, ದೀರ್ಘಾವಧಿ ಯೋಜನೆಗಳು ಹೊಸ ಕಟ್ಟಡದ ಪೂರ್ಣ ಜೀವಿತಾವಧಿಯ ವೆಚ್ಚವನ್ನು ಅಂದಾಜಿಸಿರಬೇಕೆಂದು ಕೇಳಿತ್ತು. ಆ ಬೇಡಿಕೆ ತೀರ ನ್ಯಾಯವಾದದ್ದು.

ತೆರಿಗೆ ಕಟ್ಟುವವರಾಗಿ ನೀವು ಇದನ್ನು ಕೇಳುವುದಕ್ಕೆ ಸ್ಥಳವಿದೆ. ಪ್ರಾಪೊಸಿಷನ್ 39ರ ಬಾಂಡ್ ಪಡೆದ ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ ಏಳು ಮಂದಿಯ ನಾಗರಿಕ ಮೇಲ್ವಿಚಾರಣಾ ಸಮಿತಿ ಇರಬೇಕು. ಜಿಲ್ಲೆಯ ನೌಕರರಾಗಲಿ ಗುತ್ತಿಗೆದಾರರಾಗಲಿ ಅದರಲ್ಲಿರುವಂತಿಲ್ಲ, ವಿದ್ಯಾರ್ಥಿಯೊಬ್ಬರು ಇರಲೇಬೇಕು, ಮತ್ತು ಅದರ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಒಂದು ಸಂಜೆ ಬಿಡುವು ಮಾಡಿಕೊಂಡು ಆ ಸಭೆಗೆ ಹೋಗಿ. ಹೊಸ ಕಟ್ಟಡದಿಂದ ಒಟ್ಟು ಚದರಡಿ ಹೆಚ್ಚುತ್ತದೆಯೋ ಇಳಿಯುತ್ತದೆಯೋ ಎಂದು ಕೇಳಿ. ಅದು ತೆರೆದ ಹತ್ತನೆಯ ವರ್ಷದಲ್ಲಿ ಗಾಳಿಯ ಫಿಲ್ಟರ್ ಬದಲಿಸುವ ಹಣ ಯಾವ ಲೆಕ್ಕದಿಂದ ಬರುತ್ತದೆ ಎಂದೂ ಕೇಳಿ. ಅದು ದಿನನಿತ್ಯದ ಖರ್ಚಾದ್ದರಿಂದ ಬಾಂಡಿನ ಹಣದಿಂದ ಬರುವಂತಿಲ್ಲ.