ಶೂ ಮಶೀನ್ ಪೇಟೆಂಟಲ್ಲಿ ಇಕ್ಕಳದ್ದೇ ಕತೆ

ಪೇಟೆಂಟ್ ಡ್ರಾಫ್ಟಿಂಗ್, ಅಂದ್ರೆ ಪೇಟೆಂಟ್ ಅರ್ಜಿ ಬರೆದುಕೊಡೋ ಕೆಲಸ ಮಾಡೋ ನನ್ ಹತ್ರ ಬರೋರಲ್ಲಿ ಮುಕ್ಕಾಲು ಪಾಲು ಜನ ಒಂದೇ ಸಾಲು ಬರ್ಕೊಂಡು ಬರ್ತಾರೆ, "ಈ ಮಶೀನ್ ಕೆಲ್ಸಾನ ಆಟೋಮ್ಯಾಟಿಕ್ ಆಗಿ ಮಾಡುತ್ತೆ." ಹೇಗೆ ಅಂದ್ರೆ "ಸಾರ್ ಅದು ಸೀಕ್ರೆಟ್." ಹೇಗೆ ಅಂತ ಬಿಚ್ಚಿಟ್ರೇನೇ ಪೇಟೆಂಟ್ ಸಿಗೋದು, ಸೀಕ್ರೆಟ್ಟೇ ಇಟ್ಕೊಳ್ಳೋದಾದ್ರೆ ಪೇಟೆಂಟ್ ಯಾಕ್ರೀ ಬೇಕು!

ಅಂಥೋರಿಗೆ ನಾನು ಅಮೆರಿಕದ 2,74,207ನೇ ಪೇಟೆಂಟ್ ತೋರಿಸ್ತೀನಿ, 1883ರ ಮಾರ್ಚ್ 20ರದ್ದು. ಸುರಿನಾಮ್‌ನಲ್ಲಿ ಹುಟ್ಟಿ, ಮ್ಯಾಸಚೂಸೆಟ್ಸ್‌ನ ಲಿನ್ ಊರಿನ ಶೂ ಫ್ಯಾಕ್ಟರಿಯಲ್ಲಿ ದುಡೀತಿದ್ದ ಯಾನ್ ಮಾಟ್ಸೆಲಿಗರ್ ಅನ್ನೋ ಕರಿಯ ಕೆಲಸಗಾರನದು.

ಆ ಹೊತ್ತಿಗೆ ಶೂ ಕೆಲಸದಲ್ಲಿ ಒಂದು ಬಿಟ್ಟು ಹೆಚ್ಚುಕಮ್ಮಿ ಎಲ್ಲಾ ಆಗ್ಲೇ ಮಶೀನಿಗೆ ಹೋಗಿತ್ತು. ಶೂ ಹೊಲಿಯೋಕೆ ಒಳಗಿಡೋ ಪಾದದಾಕಾರದ ಮರದ ಅಚ್ಚು ಇದ್ಯಲ್ಲ, ಲಾಸ್ಟ್ ಅಂತಾರೆ, ಅದನ್ನ ಥಾಮಸ್ ಬ್ಲಾಂಚರ್ಡ್‌ನ ಲೇತ್ ಕಡೀತಿತ್ತು. 1819-20ರ ಪೇಟೆಂಟ್ ಅದು, ಮೊದ್ಲು ಬಂದೂಕಿನ ಮರದ ಹಿಡಿಗೆ ಅಂತ ಮಾಡಿದ್ದು: ಒಂದು ಮಾದರಿ, ಇನ್ನೂ ಕೆತ್ತದ ಒಂದು ಮರದ ತುಂಡು ಎರಡೂ ಜೊತೇಲೇ ತಿರುಗ್ತವೆ, ಮಾದರಿ ಮೇಲೆ ಒಂದು ಚಕ್ರ ಸವರ್ಕೊಂಡು ಹೋಗುತ್ತೆ, ಅದು ಏರಿಳಿದಂಗೆಲ್ಲಾ ಕತ್ತರಿಸೋ ಚಕ್ರನೂ ಏರಿಳಿದು ಈ ಕಡೆ ಮರ ಕೆತ್ತುತ್ತೆ. ನಮ್ ಕೀ ಕಾಪಿ ಮಾಡೋ ಅಂಗಡಿ ಮಶೀನ್ ನೋಡಿದ್ರೆ ಸಾಕು, ಅದೇ ಐಡಿಯಾ. ಇನ್ನು ಸೋಲ್ ಹೊಲಿಯೋಕೆ ಲೈಮನ್ ಬ್ಲೇಕ್‌ನ 1858ರ ಮಶೀನ್. ಅದರ ಪೇಟೆಂಟ್ ಕೊಂಡ ಗಾರ್ಡನ್ ಮೆಕೇ ಮಶೀನ್ ಮಾರ್ದೆ ಲೀಸ್‌ಗೆ ಕೊಟ್ಟು ಜೋಡಿಗಿಷ್ಟು ಅಂತ ರಾಯಲ್ಟಿ ಎಣಿಸ್ದ, ಪಕ್ಕಾ ವ್ಯಾಪಾರಿ.

ಉಳಿದಿದ್ದು ಒಂದೇ, ಚರ್ಮಾನ ಅಚ್ಚಿನ ಮೇಲೆ ಬಿಗಿಯಾಗಿ ಎಳೆದು ಕೂರಿಸೋದು. ಕಾಲ್ಬೆರಳು ಬರೋ ತುದಿ ಹತ್ರ ನೆರಿಗೆ ಹಿಡಿದು, ಎಳೆದು, ಮಡಚಿ, ಮೊಳೆ ಹೊಡೀಬೇಕು, ಇದು ಕೈಗೆ ಮಾತ್ರ ಬರೋ ವಿದ್ಯೆ ಅಂತಿದ್ರು, ಒಬ್ಬ ದಿನಕ್ಕೆ ಸುಮಾರು 50 ಜೋಡಿ ಮಾಡೋನು. ಮಾಟ್ಸೆಲಿಗರ್ ಅದೇ ಕೈಚಳಕಾನ ಬಿಡಿಬಿಡಿ ಮಾಡಿ ಬರೆದ: ಅಚ್ಚು ಹಿಡಿಯೋದು ಯಾವ್ದು, ಇಕ್ಕಳ ಯಾವಾಗ ಕಚ್ಚುತ್ತೆ, ಎತ್ತ ಎಳೆಯುತ್ತೆ, ಮೊಳೆ ಯಾವಾಗ ಇಳಿಯುತ್ತೆ. ಡ್ರಾಯಿಂಗ್ ಎಷ್ಟು ಕಾಂಪ್ಲಿಕೇಟೆಡ್ ಅಂದ್ರೆ ಪೇಟೆಂಟ್ ಆಫೀಸಿನವ್ರು ನಂಬ್ದೆ ಮಶೀನ್ ನೋಡೋಕೆ ಲಿನ್‌ಗೇ ಒಬ್ಬ ಎಕ್ಸಾಮಿನರ್‌ನ ಕಳಿಸಿದ್ರು. ಮುಂದೆ ಸುಧಾರಿಸಿದ ಮಶೀನ್ ದಿನಕ್ಕೆ 150ರಿಂದ 700 ಜೋಡಿವರೆಗೂ ಮಾಡ್ತಿತ್ತು.

ಬೇಜಾರಂದ್ರೆ ಮಾಡೆಲ್ ಮಾಡೋಕೆ ದುಡ್ಡಿಲ್ದೆ ಹಕ್ಕಿನ ಮೂರರಲ್ಲಿ ಎರಡು ಪಾಲನ್ನ ಹೂಡಿಕೆದಾರರಿಗೆ ಬರೆದುಕೊಟ್ಟಿದ್ದ, 1889ರಲ್ಲಿ ಕ್ಷಯ ಬಂದು ನಲವತ್ತು ತುಂಬೋ ಮೊದ್ಲೇ ಹೋಗ್ಬಿಟ್ಟ.

ಮೊನ್ನೆ ಬಂದಿದ್ದ ಕ್ಲೈಂಟ್ ಇದನ್ನೆಲ್ಲಾ ಕೇಳಿ, "ಹಂಗಾದ್ರೆ ಇಕ್ಕಳದ ಫೋಟೋನೂ ಹಾಕ್ಬೇಕಾ ಸಾರ್?" ಅಂದ್ರು. ಫೋಟೋ ಬೇಡ, ಲೈನ್ ಡ್ರಾಯಿಂಗ್ ತನ್ನಿ, ಪಾರ್ಟ್‌ಗೊಂದು ನಂಬರ್ ಹಾಕಿ ಅಂತ ಕಳಿಸಿದೀನಿ.